ಎಡಗೈಯ ಪಾಠ

ಸೋಮವಾರ ಬೆಳಿಗ್ಗೆ ಬಿರಾಜದಾರ ಮೇಡಂ
ನನ್ನ ಬಲಗೈ ಎದೆಗೆ ಮಡಚಿ ಬ್ಯಾಂಡೇಜು ಸುತ್ತಿದರು.
"ನಾಳಿ ಇದ ಹೊತ್ತಿಗೆ ಬಿಚ್ಚತೀನಿ."
ಅಷ್ಟೇ. ನೋಟ್ಸಿಲ್ಲ.

ಎಡಗೈಲಿ ಕಲಸಿದ ಶೇಂಗಾಹಿಂಡಿ ಗಲ್ಲಕ್ಕಂಟಿತು.
ಅಕ್ಕಲಕೋಟದ ಬಸ್ಸಲ್ಲಿ ಹಿಡಿಕೆಯೆಲ್ಲ ಬಲಕ್ಕೇ ಇದ್ದವು;
ಚಿಲ್ಲರೆ ಉರುಳಿತು, ಕಂಡಕ್ಟರು ಮರಾಠಿಯಲ್ಲಿ ಗೊಣಗಿದ.
ರಾತ್ರಿ ಲಾಡಿ ಕಟ್ಟಲು ಅವ್ವನನ್ನು ಕೂಗಿದೆ,
ಇಪ್ಪತ್ತೊಂದರ ಮಗಳು, ಡೆಲ್ಟಾಯ್ಡಿನ
ಮೂರೂ ಪಾಲು ಬಾಯಿಪಾಠ ಬಲ್ಲವಳು.
ಅವ್ವ ನಗಲಿಲ್ಲ. ಅದೇ ಹೆಚ್ಚು ಕುಟುಕಿತು.

ಮಂಗಳವಾರ ಸೊಲ್ಲಾಪುರದ ವಾರ್ಡಿನಲ್ಲಿ ನರಸಾಬಾಯಿ ಯೆಮುಲ್,
ನಲವತ್ತು ವರ್ಷ ಟವೆಲ್ ಮಗ್ಗಕ್ಕೆ ಕಂಡಿಕೆ ಸುತ್ತಿದವಳು,
ಲಕ್ವಾ ಹೊಡೆದ ಕೈಯನ್ನು
ಯಾರದೋ ಗಂಟಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು.
ಹೋದ ವಾರ ಅವಳೆದುರು ನಿಂತು
"ಹತ್ತ ಸಲ ಎತ್ರಿ, ಸಸಾರ ಐತಿ" ಅಂದಿದ್ದೆ.

ಇವತ್ತು ಸ್ಟೂಲು ಎಳೆದು ಪಕ್ಕಕ್ಕೆ ಕೂತೆ.
ನನಗೆ ತೆಲುಗು ಬರದು, ಅವಳ ಕನ್ನಡ ಅರೆಬರೆ.
"ಒಕ್ಕಸಾರಿ" ಅಂದೆ, ಬಂದದ್ದು ಅದೊಂದೇ ಮಾತು.
ನನ್ನ ಮಣಿಕಟ್ಟಿನ ಮೇಲುಳಿದ ಬ್ಯಾಂಡೇಜಿನ ಗೀರು
ಎಡಗೈಯಿಂದ ಸವರಿ "ನೊಪ್ಪಾ?" ಅಂದಳು.
ಹಾಂ ಅನ್ನಲೋ ಬೇಡವೋ ಅಂತಿರುವಾಗ
ಅವಳ ಬಲ ಹೆಬ್ಬೆರಳು ಸರಿಯಿತೋ,
ನನಗೆ ಹಾಗನಿಸಿತೋ.
ಮೇಡಂ ಮಾತ್ರ ಫೈಲಿನಲ್ಲಿ ಏನೂ ಬರೆಯಲಿಲ್ಲ.