ಬಿನ್ ಲೇಟ್

ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ
ಮೇಷ್ಟ್ರು ಬರೆದುಕೊಂಡರು:
ಓಬಳೇಶ, ಬಿನ್ ಲೇಟ್ ಪಾಲಯ್ಯ.
ಲೇಟು ಅಪ್ಪನ ಇನಿಶಿಯಲ್ಲು ಅಂದುಕೊಂಡೆ.
ಇಂಗಳದಾಳಿನ ತಾಮ್ರದ ಗಣಿಯ ಸಾಲುಮನೆಗಳಲ್ಲಿ
ಇನ್ನೂ ನಾಲ್ಕು ಹುಡುಗರ ಅಪ್ಪಂದಿರು ಲೇಟು.
ಎಲ್ಲರದೂ ಒಂದೇ ಬೆಡಗು ಇರಬೇಕು.
ಸ್ಲೇಟಿನ ಮೇಲೆ ನಾನೂ ಬರೆದೆ:
ಲೇಟ್ ಓಬಳೇಶ.
ಓದು ಬಾರದ ಅವ್ವ,
ಪರಿಹಾರದ ಕಾಗದಗಳಿಂದ
ಆ ಎರಡಕ್ಷರದ ಗುರುತು ಮಾತ್ರ ಕಲಿತಿದ್ದವಳು,
ಉಗುಳು ಹಚ್ಚಿ ಒರೆಸಿದಳು.
ಯಾಕೆಂದು ಹೇಳಲಿಲ್ಲ.

ಈಗ ದುರ್ಗದ ತಾಲ್ಲೂಕು ಕಚೇರಿ ಎದುರು
ಬೇವಿನ ಕೆಳಗೆ ನನ್ನ ಟೈಪ್ ಮಿಷನ್ನು.
ದಿನಕ್ಕೆ ಇಪ್ಪತ್ತು ಸಲ ಅದನ್ನೇ ಕುಟ್ಟುತ್ತೇನೆ.
ಮಗ ಅನ್ನಲು ಅರಬ್ಬಿ, ಸತ್ತ ಅನ್ನಲು ಇಂಗ್ಲಿಷು,
ಕನ್ನಡಕ್ಕೆ ಉಳಿದದ್ದು ಹೆಸರು.

ಬಸ್ಸು ಲೇಟಾದರೆ ಬರುತ್ತದೆ.
ಹಿರಿಯೂರಿನದು ಗಂಟೆ ತಡವಾದರೂ
ಟಾಪಿನ ಮೇಲೆ ಕುರಿ ಹೊತ್ತು ಬಂದೇ ಬರುತ್ತದೆ.
ಅರ್ಥ ತಿಳಿದ ಮೇಲೂ ಎರಡು ವರ್ಷ
ಶಿಫ್ಟಿನ ಕೂಗಿಗೆ ಬಾಗಿಲು ನೋಡಿದ್ದೇನೆ.

ಬಿಟ್ಟುಹೋದ ಗಂಡನಿಗೆ ಇದನ್ನು ಹಾಕುವಂತಿಲ್ಲ,
ಅವನು ಬರೀ ಮಾಜಿ, ಅದೂ ಕೋರ್ಟು ಒಪ್ಪಿದರೆ.
(ಹಾಕಿ ಅಂತ ಕೇಳಿದವರಿದ್ದಾರೆ.)
ಮೇಲೆ ಕೋಟೆ ಆಳಿದವರ ಹೆಸರಿಗೂ ಯಾರೂ ಹಾಕುವುದಿಲ್ಲ.
ಎಷ್ಟು ವರ್ಷಕ್ಕೆ ಉದುರುತ್ತದೋ ಈ ಪದ.
ಅಪ್ಪನಿಗೆ ನಲವತ್ತಾರಾಯಿತು.
ನನ್ನ ರೇಷನ್ ಕಾರ್ಡಿನಲ್ಲಿ ಇನ್ನೂ ಲೇಟೇ.

ನಿನ್ನೆ ತುರುವನೂರಿನ ಬೋಸಕ್ಕ ಬಂದಿದ್ದಳು, ಪೌತಿ ಖಾತೆಗೆ.
ಹಾಳೆಯ ಮೇಲೆ ಬೆರಳಿಟ್ಟಳು:
ಇದೇನು, ನಮ್ಮೋನ ಹೆಸರಿಗಿಂತ ಮುಂಚೆ?
ಹೇಳಿದೆ.
ತೆಗಿ ಅದನ್ನ. ಹೆಸರು ಸಾಕು.
ಹಂಗಾಗಲ್ಲ ಕಣಮ್ಮ, ಅದಿಲ್ಲದಿದ್ರೆ
ಆತನೇ ಬಂದು ರುಜು ಹಾಕ್ಲಿ ಅಂತ
ನೋಟೀಸು ಕಳಿಸ್ತಾರೆ ಒಳಗಿನೋರು.

ಬೋಸಕ್ಕ ಸೊಂಟದ ಚೀಲ ಬಿಚ್ಚಿದಳು,
ಎಲೆಗೆ ಸುಣ್ಣ ತೀಡಿದಳು, ತೀಡುತ್ತಲೇ ಇದ್ದಳು.
ಕಳಿಸ್ಲಿ ಬಿಡು, ಅಂದಳು.
ನಾನು ಕರೆದ್ರೆ ಬರ್ಲಿಲ್ಲ.
ಸರ್ಕಾರ ಕರೆದ್ರೆ ಏನ್ಮಾಡ್ತಾನೋ ನೋಡಾನ.

ಹಾಳೆ ಎಳೆದು ಇನ್ನೊಂದು ಸುತ್ತಿದೆ.
ಬೋಸಕ್ಕ, ಕೋಂ,
ಆಮೇಲೆ ಎರಡಕ್ಷರದಷ್ಟು ಜಾಗ ಖಾಲಿ,
ಆಮೇಲೆ ಹೆಸರು.
ಬೇಕಾದರೆ ಗುಮಾಸ್ತ ಪೆನ್ನಲ್ಲಿ ತುಂಬಿಕೊಳ್ಳಲಿ,
ಅದು ಅವನ ಕೆಲಸ.