ಆವರಣ

ಬಾನ್ ಊರು, ಜೂನ್ ತಿಂಗಳು. ರಾತ್ರಿ ಒಂಬತ್ತಾದರೂ
ರೈನ್ ನದಿಯ ಮೇಲೆ ಬೆಳಕು
ಎದ್ದುಹೋಗಲು ಒಲ್ಲದ ನೆಂಟನಂತೆ ಕೂತಿದೆಯಂತೆ.
ನಾವಿರುವ ಕೋಣೆಗೆ ಕಿಟಕಿಯಿಲ್ಲ.
ಮೇಜಿನಡಿ ಬೂಟು ಕಳಚಿ, ಊದಿದ ಪಾದ ನೆಲಕ್ಕೊತ್ತಿ
ಹನ್ನೊಂದನೇ ಪುಟದ ಮೂರನೇ ಸಾಲು ಓದುತ್ತಿದ್ದೇನೆ:

ಹಣ [ಕೊಡತಕ್ಕದ್ದು] [ಕೊಡಬೇಕು] [ಕೊಡಬಹುದು].

ಒಂದು ಕ್ರಿಯಾಪದ, ಮೂರು ಆವರಣ.
ಹತ್ತು ದಿನದಿಂದ ಇಲ್ಲೇ ಬೀಡುಬಿಟ್ಟಿದ್ದೇವೆ, ಈ ಸಾಲಿನಲ್ಲಿ.
ಎದುರಿನವರು ನಲವತ್ತು ಮಂದಿ, ಪಾಳಿಯ ಮೇಲೆ ನಿದ್ದೆ ಮಾಡುತ್ತಾರೆ.
ಮಲಾವಿಯಿಂದ ಬಂದ ನಾವು ಇಬ್ಬರು; ಒಬ್ಬರಿಗೆ ಜ್ವರ.
ಒಂದೇ ಹೊತ್ತಿಗೆ ನಡೆವ ಮೂರು ಸಭೆಗೆ
ಕರವಸ್ತ್ರದಲ್ಲಿ ಬ್ರೆಡ್ಡು ಸುತ್ತಿಕೊಂಡು
ನಾನೊಬ್ಬಳೇ ಓಡುತ್ತೇನೆ.

ಆರಕ್ಕೇ ದುಭಾಷಿಗಳು ಗಾಜಿನ ಗೂಡಿನಿಂದ ಇಳಿದು ಹೋದರು.
ನಿಯಮ ಅದು. ಅವರಿಗೂ ಮಕ್ಕಳಿದ್ದಾರೆ.
ಆಮೇಲೆ ಕೋಣೆಯಲ್ಲಿ ಉಳಿದದ್ದು ಒಂದೇ ಭಾಷೆ.
ಬೊಲಿವಿಯಾದ ಕಸಿಮಿರಾ ಚೋಕೆ ಕಿವಿಯ ಯಂತ್ರ ತೆಗೆದು
ಸತ್ತ ದುಂಬಿಯಂತೆ ಮೇಜಿನ ಮೇಲಿಟ್ಟಳು.
ರೆಹನುಮಾ ತನ್ನ ಕುರ್ಚಿ ಅವಳತ್ತ ಸರಿಸಿದಳು.
ಭೋಲಾ ದ್ವೀಪದವಳು; ಢಾಕಾದ ಸಂಜೆ ತರಗತಿಯಲ್ಲಿ
ಸ್ಪ್ಯಾನಿಷ್ ಯಾಕೆ ಕಲಿತಳೋ ಅವಳಿಗೇ ನೆನಪಿಲ್ಲ.
ಕಿವಿಯ ಬಳಿ ಬಾಯಿಟ್ಟು ಪಿಸುಗುಟ್ಟತೊಡಗಿದಳು:
ಈಗ ‘ನೆರವು’ ಅಂದರು,
ಈಗ ‘ಸೂಕ್ತವೆನಿಸಿದಲ್ಲಿ’ ಅಂದರು.
ಕಸಿಮಿರಾ ಪೆನ್ಸಿಲ್ಲಿನಿಂದ ‘ನೆರವು’ ಹೊಡೆದುಹಾಕಿ
ಅದರ ನೆತ್ತಿಯ ಮೇಲೆ ‘ಬಾಕಿ’ ಎಂದು ಬರೆದಳು.
ಅವಳ ಅಕ್ಷರ ದೊಡ್ಡದು.

ನಮ್ಮದೆಲ್ಲ ಒಂದೇ ಬಾಯಿ ಎಂದುಕೊಳ್ಳಬೇಡಿ.
ಬೆಳಗ್ಗೆ ಏಳೂವರೆಗೆ, ನಮ್ಮ ನಮ್ಮಲ್ಲೇ, ಕಿತ್ತಾಡಿದ್ದೆವು.
ಒಬ್ಬನಿಗೆ ಕಲ್ಲಿದ್ದಲು ಇನ್ನಿಪ್ಪತ್ತು ವರ್ಷ ಬೇಕು,
ಅವನ ಹಳ್ಳಿಗಳಲ್ಲಿ ಬಲ್ಬು ಹತ್ತಿದ್ದೇ ಮೊನ್ನೆ ಮೊನ್ನೆ.
ಪಕ್ಕದಲ್ಲಿ ಕೂತ ಕಿರಿಬಾಟಿಯ ಬರಾನಿಕೊಗೆ
ಇಪ್ಪತ್ತು ವರ್ಷ ಎಂಬುದೇ ಇಲ್ಲ.
ಅವನು ದನಿ ಏರಿಸಲಿಲ್ಲ. ಅಜ್ಜಿ ಕೆಸುವು ನೆಡುತ್ತಿದ್ದ
ಗುಂಡಿಯ ಬಗ್ಗೆ ಹೇಳಿದ:
ಉಪ್ಪುನೀರು ದಡ ದಾಟಿ ಬರಲಿಲ್ಲ,
ಅಡಿಯಿಂದ ಬಂತು, ಸದ್ದಿಲ್ಲದೆ, ಬೇರಿನ ದಾರಿಯಲ್ಲಿ.
ಕಲ್ಲಿದ್ದಲಿನವನು ತನ್ನ ಚಹಾ ಅವನತ್ತ ತಳ್ಳಿದ.
ಬೇರೇನೂ ಇತ್ಯರ್ಥವಾಗಲಿಲ್ಲ. ಆದರೂ ಎಂಟಕ್ಕೆ
ಒಂದೇ ಕಾಗದ ಹಿಡಿದು ಹೊರಬಂದೆವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಕಬ್ಬಿಣ ಕಾಯಿಸಿದ ಒಲೆ ಯಾರದ್ದೆಂದು ಎಮ್ಮೆ ಕೇಳಿದರೆ
‘ಹಿಂದಿನದು ಬೇಡ, ಮುಂದಿನದು ನೋಡೋಣ’ ಅನ್ನುತ್ತಾರೆ,
ಬಹಳ ಮರ್ಯಾದೆಯಿಂದ, ಹೆಸರು ಹಿಡಿದು.

ರಾತ್ರಿ ಎರಡು. ಸಂಚಾಲಕರು ಕನ್ನಡಕ ಒರೆಸಿ ಅಂದರು:
‘ನಷ್ಟ’ ಎಂಬ ಪದ ಸದ್ಯಕ್ಕೆ ಆವರಣದೊಳಗೇ ಇರಲಿ.

ಹೌದು ಸ್ವಾಮಿ, ಆವರಣದೊಳಗೇ ಇತ್ತು.
ಶಿರೆ ಹೊಳೆ ಏರಿಬಂದ ರಾತ್ರಿ
ಅಮ್ಮನ ಮನೆಯ ಆವರಣದೊಳಗೆ
ಎರಡು ಮೇಕೆ, ಬಿದಿರಿನ ಕಣಜ, ಒಂದು ಒರಳು,
ಒಣಹಾಕಿದ್ದ ನನ್ನ ತಂಗಿಯ ಶಾಲೆಯ ಅಂಗಿ.
ಬೆಳಗ್ಗೆ ಒರಳು ಮಾವಿನ ಮರದ ಕವಲಿನಲ್ಲಿತ್ತು.
ಇಳಿಸಲು ಜನ ಇದ್ದರು, ಏಣಿ ಇರಲಿಲ್ಲ.
ಆವರಣವೂ ಇರಲಿಲ್ಲ.

ಇದನ್ನೆಲ್ಲ ನಾನು ಹೇಳಲಿಲ್ಲ. ಮೈಕಿನ ಕೆಂಪು ದೀಪ ಹತ್ತಿದಾಗ
‘ಈ ಪದವನ್ನು ನಮ್ಮ ಗುಂಪು ಬಿಟ್ಟುಕೊಡುವುದಿಲ್ಲ’
ಎಂದಷ್ಟೇ ಅಂದೆ. ಹಿಂದಿನ ಸಾಲಿನಲ್ಲಿ ರೆಹನುಮಾ
ನನ್ನ ಮಾತನ್ನು ಸ್ಪ್ಯಾನಿಷಿಗೆ ದಾಟಿಸುತ್ತಿದ್ದಳು;
ನಾನು ಮುಗಿಸಿದ ಮೇಲೂ ಅವಳು ಬಹಳ ಹೊತ್ತು ಮುಗಿಸಲಿಲ್ಲ.
ಏನೇನು ಸೇರಿಸಿದಳೋ. ಕಸಿಮಿರಾ
ನನ್ನ ಬೂಟುಗಳನ್ನು ಕಾಲಿನಿಂದ ನನ್ನತ್ತ ಸರಿಸಿದಳು.

ಬೆಳಗ್ಗೆ ಹೊಸ ಪ್ರತಿ ಬಂತು, ಇನ್ನೂ ಬಿಸಿ.
ಹನ್ನೊಂದನೇ ಪುಟ. ‘ನಷ್ಟ’ದ ಎಡಕ್ಕೆ ಆವರಣವಿದೆ,
ಬಲಕ್ಕಿಲ್ಲ.
ಬೆರಳಚ್ಚಿನ ತಪ್ಪಂತೆ. ಸಂಜೆಯೊಳಗೆ ಮುಚ್ಚುತ್ತಾರಂತೆ.

ಬರಾನಿಕೊ ಆ ಸಾಲನ್ನು ಮೂಗಿಗೆ ಹಿಡಿದು ನೋಡಿ ನಕ್ಕ:
ಒಂದು ಕಡೆ ಬೇಲಿ ಬಿದ್ದಿದೆ, ಬನ್ನಿ,
ಸಂಜೆಗೆ ಇನ್ನೂ ಹೊತ್ತಿದೆ.