ಒತ್ತು

ಅಮ್ಮ ಕಟ್ಟುತ್ತಿದ್ದ ಬೀಡಿಯ ಒಂದು ಕಟ್ಟಿನಷ್ಟೇ ಇದೆ ಪೆಟ್ಟಿಗೆ.
ಟೀವಿಯ ಬೆನ್ನಿಗೆ ಅಂಟಿಸಿ, ವಯರು ಸಿಕ್ಕಿಸಿ,
ಗುಂಡಿ ಒತ್ತಿ ಹತ್ತರವರೆಗೆ ಎಣಿಸಬೇಕು.
ಎಣಿಸಿದೆ. ಮೊದಲು ನೀಲಿ. ಆಮೇಲೆ
ನೋ ಸಿಗ್ನಲ್ ಎಂಬ ಮಾತು
ಅಂಚಿನಿಂದ ಅಂಚಿಗೆ ನಿಧಾನ ಜಾರಿ
ಮೂಲೆಗೆ ತಾಗಿ ವಾಪಸು ಬಂತು.

ಕಂಕನಾಡಿಯ ಆಸ್ಪತ್ರೆ, ನೆಲಮಾಳಿಗೆ, ಲ್ಯಾಬಿನ ಕಿಟಕಿಯೆದುರು,
ರಾತ್ರಿ ಒಂದೂವರೆ. ಹಗಲು ಏಣಿ ಇಡಲು ಜಾಗವಿಲ್ಲ ಇಲ್ಲಿ;
ಕಾಸರಗೋಡಿನಿಂದ, ಕೊಪ್ಪದಿಂದ, ಬೈಂದೂರಿನಿಂದ ಬಂದವರು
ಚೀಟಿ ಹಿಡಿದು ನಿಂತಿರುತ್ತಾರೆ.
ಡ್ರಿಲ್ ಹಾಕುವಾಗ ತೌಸೀಫ್ ಗೋಡೆಗೆ ಒದ್ದೆ ಬಟ್ಟೆ ಹಿಡಿದ,
ಧೂಳು ಹಾರದ ಹಾಗೆ;
ಸದ್ದೂ ಹಾರುವುದಿಲ್ಲ ಅಂತ ಅವನ ನಂಬಿಕೆ.
ಬೆಂಚುಗಳಲ್ಲಿ ಮೂರು ನಾಲ್ಕು ಜನ ಮಲಗಿದ್ದರು
ಎಕ್ಸ್‌ರೇ ಕವರು ತಲೆಯಡಿ ಇಟ್ಟು.

ಚಿತ್ರ ಬಂತು. ಅಕ್ಷರ ಬಂತು. ಒತ್ತು ಬರಲಿಲ್ಲ.
ರಕ್‌ತ ಅಂತ ಬಂತು. ಮಕ್‌ಕಳ ವಿಭಾಗ. ವರದಿ ಸಿದ್‌ಧ.
ಕೆಳಗೆ ಕೂರಬೇಕಾದ್ದು ಪಕ್ಕದಲ್ಲಿ ಬಂದು ನಿಂತಿತ್ತು,
ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೂ ಕೂರದ ನೆಂಟರ ಹಾಗೆ.
ಈ ಪೆಟ್ಟಿಗೆಯ ಊರಲ್ಲಿ ಒಂದು ಅಕ್ಷರ
ಇನ್ನೊಂದನ್ನು ಹೊತ್ತುಕೊಳ್ಳುವ ಪದ್ಧತಿ ಇಲ್ಲವೋ ಏನೋ.
ನೀರು ಸರಿ ಇತ್ತು. ಉಸಿರು ಸರಿ ಇತ್ತು. ಮನೆ, ಬಾಗಿಲು, ಕಿವಿ,
ಯಾವುದಕ್ಕೂ ಏನೂ ಆಗಿರಲಿಲ್ಲ.
ಕೆಟ್ಟದ್ದು ರಕ್ತ, ಮೂತ್ರ, ಸಕ್ಕರೆ, ಹೃದ್ರೋಗ, ತುರ್ತು.

ಫಾಂಟು ಹಾಕಿದೆ. ಆರಿಸಿ ಹಚ್ಚಿದೆ. ಮತ್ತೆ ಹಾಕಿದೆ.
ಕಂಪೆನಿಯ ನಂಬರಿಗೆ ಫೋನು ಮಾಡಿದರೆ ಬರೇ ಸಂಗೀತ.
ಮೂರನೇ ಸಲ, ಪರೀಕ್ಷೆಗೆಂದು,
ಒತ್ತು ತುಂಬಿರುವ ಒಂದು ಹೆಸರು ಯೋಚಿಸಿ ಟೈಪು ಮಾಡಿದೆ:
ಪುಷ್ಪಲತಾ ಕೋಟ್ಯಾನ್, ಉಚ್ಚಿಲ. ವರದಿ ಸಿದ್ಧ.
ಸರಿಯಾಗಿ ಬಂತು. ಷಕಾರದಡಿ ಪ ಬಂದು ಕೂತಿತು, ಚಕಾರದಡಿ ಚ.
ಏಣಿಯ ಮೇಲೆಯೇ ಒಂದು ಸಣ್ಣ ಸೀಟಿ ಹೊಡೆದೆ.

ಕೊನೆಯ ಬೆಂಚಿನಿಂದ ಒಬ್ಬರು ಎದ್ದರು.
ಫ್ಲಾಸ್ಕು ಎಡಗೈಗೆ ಬದಲಿಸಿ, ಮಡಚಿ ಕಟ್ಟಿದ್ದ ಮುಂಡು ಇಳಿಸಿ,
ಪರದೆಯ ಕೆಳಗೆ ಬಂದು ನಿಂತು ಎರಡು ಸಲ ಓದಿದರು.
"ಕೋಟ್ಯಾನ್ ಅಲ್ಲ, ಬಂಗೇರ. ಉಚ್ಚಿಲವೂ ಅಲ್ಲ, ಹೆಜಮಾಡಿ.
ಪುಷ್ಪಲತಾ ಸರಿ. ಕಾಗದ ಎಲ್ಲಿ ಕೊಡ್ತಾರೆ?"
ಇದು ಸ್ಯಾಂಪಲ್ ಅಷ್ಟೇ, ಅಂದೆ.
"ಹೌದು, ಸ್ಯಾಂಪಲ್ ಸಂಜೆಗೇ ಕೊಂಡುಹೋಗಿದ್ದಾರೆ" ಅಂದರು.

ಏಣಿಯ ಮೇಲಿಂದ ಹೇಳುವ ಮಾತಲ್ಲ ಅಂತ
ಇಳಿದು ಬಂದು ಹೇಳಿದೆ.
ಯಾರದೂ ಅಲ್ಲದ ಹೆಸರು, ಸುಮ್ಮನೆ, ಅಕ್ಷರ ನೋಡಲಿಕ್ಕೆ.
ಅವರು ತಲೆಯಾಡಿಸಿದರು. ತಿಳಿದವರ ಹಾಗೆ ಅಲ್ಲ,
ನಾನು ಹೇಳಿ ಮುಗಿಸಲಿ ಎಂಬ ಹಾಗೆ.
ಹದಿನೈದು ಸೆಕೆಂಡಿಗೊಮ್ಮೆ ಹೆಸರು ಮರಳಿ ಬರುತ್ತಿತ್ತು,
ಬಂದಾಗೆಲ್ಲ ಇಬ್ಬರೂ ನೋಡುತ್ತಿದ್ದೆವು.

ಅಳಿಸಲು ಹೋದರೆ ಪೆಟ್ಟಿಗೆ ಕೇಳುತ್ತದೆ: ಖಚಿತವೇ?
ಮೌಸು ಹಿಡಿದ ಕೈ ಅಲ್ಲೇ ನಿಂತಿತು. ತೌಸೀಫ್ ಏಣಿ ಮಡಚುತ್ತಿದ್ದ.
ಅಳಿಸಲಿಲ್ಲ; ಅದರ ಮೇಲೆ ನನ್ನ ಹೆಸರು ಬರೆದೆ,
ಬರೇ ಎರಡಕ್ಷರ, ಒತ್ತಿಲ್ಲದ್ದು,
ಪರೀಕ್ಷೆಗೆ ಯಾವ ಉಪಯೋಗಕ್ಕೂ ಬಾರದ್ದು.

ಅವರು ಬೆಂಚಿಗೆ ಮರಳಿ, ಕೂರುವ ಮೊದಲು ಕೇಳಿದರು,
"ಬೆಳಕು ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೆ?
ಆ ಹುಡುಗಿಯ ಮುಖಕ್ಕೇ ಹೊಡೀತಾ ಉಂಟು."
ನೀಲಿ ಚೂಡಿದಾರದ ಯಾರದೋ ಹುಡುಗಿ,
ಕೈ ಮೇಲೆ ತಲೆಯಿಟ್ಟು, ಬಾಯಿ ತೆರೆದು.

ಕೆಲಸದ ಚೀಟಿಯಲ್ಲಿ ಬೆಳಕಿನ ಮಾತಿಲ್ಲ.
ನೂರು ಇದ್ದದ್ದನ್ನು ಇಪ್ಪತ್ತಕ್ಕೆ ತಂದೆ;
ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ದಿನವೂ,
ಅಂತ ಪೆಟ್ಟಿಗೆಯ ಹೊಟ್ಟೆಯಲ್ಲಿ ಬರೆದಿಟ್ಟೆ.
ಯಾರಿಗೂ ಹೇಳಲಿಲ್ಲ. ಪಾಸ್‌ವರ್ಡು ನನ್ನ ಹತ್ತಿರ ಉಂಟು.